ಪಡಸಾಲೆಯ ರೈಲು

ಶಿಕಾರಿಪುರದ ಪೇಟೆಬೀದಿಯಲ್ಲಿ ಕರೆಂಟು ಹಾಕಿಸಿಕೊಂಡ ಮನೆಗಳು ಆಗ ಬೆರಳೆಣಿಕೆಯಷ್ಟು. ಅಂಥದೊಂದು ಮನೆಯಲ್ಲಿ ಕುಳಿತು ಲಾಟೀನಿನ ಬೆಳಕಿನಲ್ಲಿ ಉಣ್ಣಬೇಕು ಅಂದರೆ ಯಾರಿಗಾದರೂ ಮೈ ಉರಿಯುತ್ತದೆ. ಪಾತ್ರೆ ಅಂಗಡಿಯ ನಾಗರಾಜಪ್ಪನಿಗೆ ಆ ಉರಿ ದಿನಾ ಸಂಜೆ ತಪ್ಪುತ್ತಿರಲಿಲ್ಲ.

"ಇವತ್ತೂ ಕತ್ತಲೇನಾ?" ಎಂದು ಹೊಸಿಲಲ್ಲೇ ನಿಂತು ಕೇಳಿದ.

"ಇನ್ನೊಂದು ಗಳಿಗೆ ಅಣ್ಣ. ಈ ವೈರು ಕಚ್ಚಿಸಿಬಿಟ್ರೆ ಆತು," ಎಂದು ಅವನ ತಮ್ಮ ಆನಂದಪ್ಪ ನೆಲದ ಮೇಲೆ ಬೋರಲು ಮಲಗಿದ್ದಲ್ಲಿಂದಲೇ ಹೇಳಿದ.

"ಗಳಿಗೆ ಗಳಿಗೆ ಅಂತ ಹುಣ್ಣಿಮೆ ಹೋಗಿ ಅಮಾಸೆ ಬಂತು. ಕರೆಂಟು ಹಾಕಿಸಿದ್ದು ಮನುಷ್ಯರಿಗೋ, ನಿನ್ನ ತಗಡಿನ ರೈಲಿಗೋ?"

ಮಾತು ನ್ಯಾಯವೇ. ಆ ಮನೆಯಲ್ಲಿದ್ದದ್ದು ಒಂದೇ ದೀಪ, ಪಡಸಾಲೆಯ ನಡುವೆ ತೂಗುತ್ತಿದ್ದದ್ದು. ರೈಲು ಓಡಬೇಕಾದರೆ ಆ ಬಲ್ಬು ಬಿಚ್ಚಿ, ಅದರ ಹೋಲ್ಡರಿಗೆ ವೈರು ಸಿಕ್ಕಿಸಿ, ಕರೆಂಟಿನ ಬಿರುಸು ತಗ್ಗಿಸುವ ಟ್ರಾನ್ಸ್‌ಫಾರ್ಮರಿಗೆ ಇಳಿಸಬೇಕು. ರೈಲಿಗೆ ಕರೆಂಟು ಬಂದರೆ ಮನೆಗೆ ಕತ್ತಲೆ. ಹಳಿಗಳು ಕಂಬದಿಂದ ಕಂಬಕ್ಕೆ ಹರಡಿದ್ದರಿಂದ ಕಸ ಗುಡಿಸುವವರು ಹಳಿ ದಾಟಿ ಗುಡಿಸಬೇಕು, ಬಂದ ನೆಂಟರು ಪಂಚೆ ಎತ್ತಿಕೊಂಡು ಒಳಗೆ ಕಾಲಿಡಬೇಕು.

ನಾಗರಾಜಪ್ಪನ ಹೆಂಡತಿ ನೀಲಾಂಬಿಕ ರೊಟ್ಟಿ ಬಡಿಸಿದಳು. ಆ ಮಬ್ಬಿನಲ್ಲಿ ಗಂಡನ ಮೊಸರಿನ ಮೇಲೆ ಕೆಂಪು ಖಾರ ಬಿತ್ತು. ಮೊದಲ ತುತ್ತಿಗೇ ಅವನ ಕಣ್ಣಲ್ಲಿ ನೀರು ಬಂತು.

"ಇದಕ್ಕೂ ರೈಲೇ ಕಾರಣ ಅನ್ಬೇಕಾ?" ಎಂದಳು ನೀಲಾಂಬಿಕ. ಅಂದವಳು ನೋಡಿದ್ದು ಮಾತ್ರ ಓರಗಿತ್ತಿಯನ್ನು.

ಓರಗಿತ್ತಿ ಜಗದಾಂಬ, ಆನಂದಪ್ಪನ ಹೆಂಡತಿ, ಲಾಟೀನು ಹಿಡಿದು ಗಂಡನ ಪಕ್ಕ ಕೂತಿದ್ದಳು. ಹುಟ್ಟಿದ್ದು ಸೊರಬದ ಕಡೆಯ ಜಡೆ ಎಂಬ ಊರಲ್ಲಿ. ಈ ಮನೆಗೆ ಬಂದು ವರ್ಷಗಳಾದವು, ಆದರೂ ಅಡುಗೆಮನೆಯಲ್ಲಿ ಉಪ್ಪಿನ ಜಾಡಿ ಎಲ್ಲಿರಬೇಕೆಂದು ಹೇಳುವವಳು ನೀಲಾಂಬಿಕಳೇ. ಜಗದಾಂಬ ಅದನ್ನು ಒಂದು ಗೇಣು ಈಚೆ ಇಟ್ಟರೆ ಸಂಜೆಯೊಳಗೆ ಅದು ಒಂದು ಗೇಣು ಆಚೆ ಹೋಗಿರುತ್ತಿತ್ತು. ಅವಳು ಬಾಯಿ ತಪ್ಪಿ 'ಎಂತದು' ಅಂದರೆ ನೀಲಾಂಬಿಕ ನಗುತ್ತಿದ್ದಳು, ತಟ್ಟಿದ ಅಕ್ಕಿರೊಟ್ಟಿ ತಿನ್ನಬೇಕೆಂದು ಆಸೆಯಾದರೆ ಜೋಳದ ಹಿಟ್ಟಿನ ಡಬ್ಬಿ ಮುಂದೆ ಬರುತ್ತಿತ್ತು. ದೊಡ್ಡ ಕಷ್ಟ ಅನ್ನುವಂಥದ್ದು ಯಾವುದೂ ಇಲ್ಲ. ಹೊಡೆತವಿಲ್ಲ, ಬೈಗುಳವಿಲ್ಲ. ಆದರೆ ಜಗದಾಂಬಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಒಂದು ಒಲೆ. ತನ್ನದೇ ಆದ ಒಂದು ಒಲೆ, ಅದರ ಪಕ್ಕ ತನಗೆ ತೋಚಿದ ಕಡೆ ಉಪ್ಪಿನ ಜಾಡಿ.

ಅತ್ತೆ ರಾಜೇಶ್ವರಮ್ಮ ಗೋಡೆಗೊರಗಿ ಕೂತು ಹಲ್ಲಿಲ್ಲದ ಬಾಯಲ್ಲಿ ಹಾಲಿನಲ್ಲಿ ನೆನೆಸಿದ ರೊಟ್ಟಿ ಮೆಲ್ಲುತ್ತಿದ್ದಳು. "ಉಣ್ಣೋವಾಗ ಜಗಳ ಬೇಡ," ಎಂದಳು. ಅವಳು ಎಲ್ಲಾ ಜಗಳಕ್ಕೂ ಹೇಳುತ್ತಿದ್ದ ತೀರ್ಪು ಅದೊಂದೇ.

ರೈಲು ಬಂದದ್ದು ಅಂಜನಾಪುರದ ಅಣೆಕಟ್ಟಿನ ಬಂಗಲೆಯಿಂದ. ಅಲ್ಲಿದ್ದ ಇಂಜಿನಿಯರೊಬ್ಬರು ವರ್ಗವಾಗಿ ಹೋಗುವಾಗ, ವೈರಿಂಗ್ ಕೆಲಸಕ್ಕೆಂದು ಬರುತ್ತಿದ್ದ ಆನಂದಪ್ಪನ ಕೈಗೆ ಒಂದು ಹಳೆಯ ಟ್ರಂಕು ಕೊಟ್ಟು, "ನನ್ನ ಚಿಕ್ಕಂದಿನದು. ಯುದ್ಧಕ್ಕೆ ಮುಂಚಿನ ಮಾಲು. ನನ್ನ ಕೈಲಿ ಮತ್ತೆ ಓಡಲಿಲ್ಲ. ನಿನ್ನ ಕೈಲಿ ಓಡಿದರೆ ನಿಂದೇ," ಎಂದಿದ್ದರು. ಒಳಗೆ ಹಸಿರು ಬಣ್ಣದ ತಗಡಿನ ಇಂಜಿನ್ನು, ಮೂರು ಡಬ್ಬಿ, ಒಂದು ಮೂಟೆ ಹಳಿ. ಇಂಜಿನ್ನಿಗೆ ಎಣ್ಣೆ ಬಿಟ್ಟು ತುಕ್ಕು ಉಜ್ಜಿದ ಮೇಲೆ ಅದು ಗರಗರ ಎನ್ನುತ್ತ ಓಡಿಯೇಬಿಟ್ಟಿತು. ನೀಲಾಂಬಿಕಳ ಮಕ್ಕಳು ಚಪ್ಪಾಳೆ ತಟ್ಟಿದವು. ಅಲ್ಲಿಗೇ ನಿಂತಿದ್ದರೆ ಯಾರಿಗೂ ತೊಂದರೆ ಇರಲಿಲ್ಲ.

ಆನಂದಪ್ಪನ ತಲೆ ತಿಂದದ್ದು ಪಾಯಿಂಟು. ಒಂದು ಹಳಿ ಎರಡಾಗಿ ಕವಲೊಡೆಯುವ ಜಾಗಕ್ಕೆ ಅವನು ಹಾಗನ್ನುತ್ತಿದ್ದ. ಅಲ್ಲಿ ಬೆರಳುದ್ದದ ಕಬ್ಬಿಣದ ನಾಲಗೆಯೊಂದು ಅತ್ತಿತ್ತ ಸರಿಯುತ್ತದೆ. ಈ ಕಡೆ ಸರಿದರೆ ರೈಲು ನೆಟ್ಟಗೆ, ಆ ಕಡೆ ಸರಿದರೆ ಪಕ್ಕದ ದಾರಿಗೆ. ಅದನ್ನು ಕೈಯಿಂದ ತಳ್ಳಬೇಕಾಗಿಲ್ಲ. ಪಕ್ಕದ ಕರಿ ಡಬ್ಬಿಯೊಳಗೆ ಕೂದಲೆಳೆಯಂಥ ತಾಮ್ರದ ತಂತಿ ಸುತ್ತಿದ ಎರಡು ಸುರುಳಿಗಳಿವೆ. ಒಂದಕ್ಕೆ ಕರೆಂಟು ಕೊಟ್ಟರೆ ನಾಲಗೆಯನ್ನು ಎಡಕ್ಕೆ ಎಳೆಯುತ್ತದೆ, ಇನ್ನೊಂದಕ್ಕೆ ಕೊಟ್ಟರೆ ಬಲಕ್ಕೆ. ಕೊಡಬೇಕಾದದ್ದು ಚಿಟಿಕೆ ಹೊಡೆಯುವಷ್ಟು ಹೊತ್ತು ಮಾತ್ರ. ಹೆಚ್ಚು ಹೊತ್ತು ಹರಿದರೆ ಸುರುಳಿ ಕಾದು ಸುಟ್ಟುಹೋಗುತ್ತದೆ.

ಹಳೆಯ ವೈರುಗಳ ಮೇಲಿನ ಬಟ್ಟೆಯೆಲ್ಲ ಇಲಿ ತಿಂದು, ಮುಟ್ಟಿದರೆ ಪುಡಿಯಾಗುತ್ತಿತ್ತು. ಆನಂದಪ್ಪ ಹೊಸ ವೈರು ಎಳೆದ. ಜಗದಾಂಬ ಪ್ರತಿ ಕೊನೆಗೂ ಬಣ್ಣದ ದಾರ ಕಟ್ಟಿದಳು, ಎಡಕ್ಕೆ ಕೆಂಪು, ಬಲಕ್ಕೆ ಹಳದಿ, ಎರಡಕ್ಕೂ ಸೇರುವ ನಡುವಿನದಕ್ಕೆ ಬಿಳಿ. ಒತ್ತಿ ಬಿಡುವುದಕ್ಕೆ ಕರೆಗಂಟೆಯ ಗುಂಡಿ ಬೇಕಾಗಿತ್ತು. ಶಿಕಾರಿಪುರದಲ್ಲಿ ಯಾರ ಮನೆಗೆ ಕರೆಗಂಟೆ? ಬಂದವರು ಬಾಗಿಲಲ್ಲಿ ನಿಂತು ಹೆಸರು ಹಿಡಿದು ಕೂಗುತ್ತಿದ್ದರು. ಹಾಗಾಗಿ ಅವನು ಹಲಗೆಯ ಮೇಲೆ ದೀಪದ ಸ್ವಿಚ್ಚುಗಳನ್ನೇ ಕೂರಿಸಿದ, ಹಿತ್ತಾಳೆ ಮೂತಿಯ ದುಂಡು ಸ್ವಿಚ್ಚುಗಳು. ಹಾಕಿದ ಕೂಡಲೇ ತೆಗೆಯಬೇಕು, ಅಷ್ಟೇ. ಅದು ಅವನಿಗೆ ಗೊತ್ತಿತ್ತು, ಜಗದಾಂಬಳಿಗೆ ಗೊತ್ತಿತ್ತು. ಬೇರೆಯವರಿಗೆ ಹೇಳಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ.

ಸಂಕ್ರಾಂತಿ ಕಳೆದ ವಾರ ಜಗದಾಂಬಳ ಅಣ್ಣ ಪಂಚಾಕ್ಷರಪ್ಪ ಜಡೆಯಿಂದ ಬಂದ. ಕೈಯಲ್ಲಿ ಜೋನಿಬೆಲ್ಲದ ಡಬ್ಬಿ, ಬಾಯಲ್ಲಿ ಸುದ್ದಿ. ಊಟಕ್ಕೆ ಕೂರುವ ತನಕವೂ ಅವನಿಗೆ ತಡೆಯಲಾಗಲಿಲ್ಲ.

"ಸೊರಬದಲ್ಲಿ ಶೇಷಪ್ಪನೋರ ಅಕ್ಕಿ ಮಿಲ್ಲಿಗೆ ಕರೆಂಟು ಬರ್ತಾ ಐತೆ. ಮಿಷನ್ನು ನೋಡ್ಕಳಾಕೆ ಕೆಲಸ ಗೊತ್ತಿರೋನು ಬೇಕಂತೆ. ಮಿಲ್ಲಿನ ಮುಂದಿನ ಮಳಿಗೆ, ಹಿಂದೆ ಎರಡಂಕಣದ ಮನೆ, ಎರಡೂ ಅವನಿಗೇ. ಭಾವ, ನಾನು ನಿಮ್ಮ ಹೆಸರು ಹೇಳಿಬಂದೀನಿ."

ಆನಂದಪ್ಪನ ಕೈಯಲ್ಲಿದ್ದ ಇಕ್ಕಳ ಕೆಳಗೆ ಬಿತ್ತು. ಜಗದಾಂಬ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಎರಡಂಕಣದ ಮನೆ ಅಂದರೆ ಒಂದರಲ್ಲಿ ಒಲೆ ಇರಲೇಬೇಕು.

"ಅವರು ಸುಮ್ನೆ ಒಪ್ಕಂಡ್ರಾ?" ಎಂದು ಆನಂದಪ್ಪ ಕೇಳಿದ.

"ಎಲ್ಲಿ ಒಪ್ತಾರೆ ಮಾರಾಯ್ರೇ! 'ಬಾಯಲ್ಲಿ ಹೇಳೋರು ಬೇಕಾದಷ್ಟು ಜನ, ನಂಗೆ ಕಣ್ಣಲ್ಲಿ ಕಾಣ್ಬೇಕು' ಅಂದ್ರು. ನಾನು ಸಿಟ್ಟಿಗೆ, ನಮ್ಮ ಭಾವ ಕೂತಲ್ಲಿಂದಲೇ ರೈಲನ್ನ ಬೇಕಾದ ದಾರಿಗೆ ತಿರುಗಿಸ್ತಾರೆ ಅಂದೆ. 'ಹಂಗಾದ್ರೆ ಶಿವರಾತ್ರಿ ಕಳೆದು ಮಿಲ್ಲು ಶುರುವಾಗೋ ದಿನ ತಂದು ಓಡಿಸ್ಲಿ. ಕೈ ಮುಟ್ಟಿಸದೆ ಎರಡೂ ದಾರಿಗೆ ಹೋಯ್ತು ಅಂದ್ರೆ ಕೆಲಸ ಅವನದೇ' ಅಂದ್ರು."

ನಾಗರಾಜಪ್ಪ ಅಷ್ಟು ಹೊತ್ತೂ ಕೈತೊಳೆಯುವ ತಂಬಿಗೆ ಹಿಡಿದು ನಿಂತಿದ್ದ. ಅದನ್ನು ಕುಕ್ಕಿದ.

"ಅಂಗಡಿ ಯಾರು ನೋಡ್ಬೇಕು? ನಾನು ತೊಗರ್ಸಿ ಕಡೆ ಸಂತೆಗೆ ಹೋದ್ರೆ ಇಲ್ಲಿ ಗಿರಾಕಿಗೆ ಕೊಡಪಾನ ತೋರಿಸೋರು ಯಾರು? ಅಪ್ಪ ಸಾಯೋವಾಗ ಏನಂದ? ನೆನಪೈತಾ?"

ಎಲ್ಲರಿಗೂ ನೆನಪಿತ್ತು. ಈ ಮನೆಯಲ್ಲಿ ಒಂದೇ ಒಲೆ ಉರಿಯಲಿ ಅಂದಿದ್ದ. ಸಾಯುವವರಿಗೇನು, ಹೇಳಿ ಹೋಗುತ್ತಾರೆ, ಹೊಗೆ ಕುಡಿಯುವವರು ಬದುಕಿದ್ದವರು.

"ನಾನು ಪಾಲು ಕೇಳಿಲ್ಲ ಅಣ್ಣ. ಕೆಲಸಕ್ಕೆ ಹೋಗ್ತೀನಿ ಅಂತಿದೀನಿ."

"ಇವತ್ತು ಕೆಲಸ ಅಂತಿ, ನಾಳೆ ಪಾಲು ಅಂತಿ. ನಿನ್ನ ಬಾಯಿಂದ ಬರಲಿಲ್ಲ ಅಂದ್ರೆ ಇನ್ನೊಬ್ರ ಬಾಯಿಂದ ಬರ್ತದೆ."

ಇನ್ನೊಬ್ಬರು ಯಾರೆಂದು ಜಗದಾಂಬಳಿಗೆ ತಿಳಿಯದೆ ಇರಲಿಲ್ಲ. ಅವಳ ಮುಖ ಬಿಸಿಯಾಯಿತು. ಗಂಡನ ಅಣ್ಣನೆದುರು ಮಾತಾಡಿದವಳಲ್ಲ, ಒಳಗೆ ಹೋಗಿ ಪಾತ್ರೆ ತಿಕ್ಕಿದಳು. ತಿಕ್ಕಿದ ಸದ್ದು ಬೀದಿಗೆ ಕೇಳುವಂತಿತ್ತು.

ರಾಜೇಶ್ವರಮ್ಮ ಅವತ್ತು 'ಉಣ್ಣೋವಾಗ ಜಗಳ ಬೇಡ' ಎನ್ನಲಿಲ್ಲ. ಚಿಕ್ಕ ಮಗನ ಮುಖ ನೋಡಿದಳು, ಹಳಿ ನೋಡಿದಳು, ಎದ್ದು ಹೋಗಿ ಮಲಗಿದಳು.

ಆಮೇಲಿನ ವಾರಗಳಲ್ಲಿ ಮನೆ ಕುದಿಯುತ್ತಲೇ ಇತ್ತು. ನಾಗರಾಜಪ್ಪ ಹೊತ್ತಿಲ್ಲದ ಹೊತ್ತಿನಲ್ಲಿ ತಮ್ಮನಿಗೆ ಅಂಗಡಿಯಿಂದ ಹೇಳಿಕಳಿಸುತ್ತಿದ್ದ. ಆನಂದಪ್ಪ ಅಲ್ಲಿ ಗಿರಾಕಿಗೆ ಚರಿಗೆ ತೋರಿಸುತ್ತಲೇ ಇಲ್ಲಿಯ ಸುರುಳಿಯನ್ನು ಯೋಚಿಸುತ್ತಿದ್ದ, ಓಡಿ ಬಂದು ಒಂದು ತಿರುಪು ಬಿಗಿದು ಮತ್ತೆ ಓಡುತ್ತಿದ್ದ. ಕೊನೆಗೂ ಒಂದು ದಿನ ಪಾಯಿಂಟು 'ಟಕ್' ಎಂದಿತು. ರೈಲು ಪಕ್ಕದ ದಾರಿಗೆ ತಿರುಗಿ, ಕಂಬ ಸುತ್ತಿ, ಮತ್ತೆ ಬಂದು ಸೇರಿತು. ಜಗದಾಂಬ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ನೀಲಾಂಬಿಕಳೂ ಒಂದು ಕ್ಷಣ ಸೌಟು ಹಿಡಿದು ನಿಂತು ನೋಡಿ, ನೋಡಿದ್ದು ಯಾರಿಗಾದರೂ ಕಂಡೀತೆಂದು ಒಳಗೆ ಹೋದಳು.

ಅದಾದ ಸೋಮವಾರ ಜಗದಾಂಬ ಕೆರೆಯಿಂದ ಬಟ್ಟೆ ಒಗೆದುಕೊಂಡು ಬಂದಾಗ ಹೊಸಿಲಲ್ಲೇ ಮೂಗಿಗೆ ಬಡಿದದ್ದು ಸುಟ್ಟ ವಾಸನೆ. ಅಡುಗೆಮನೆಯದಲ್ಲ. ಅರಗು ಸುಟ್ಟಂಥ, ಗಂಟಲು ಹಿಡಿಯುವಂಥ ವಾಸನೆ. ಒದ್ದೆ ಬಟ್ಟೆಯ ಬುಟ್ಟಿ ಇಳಿಸಿ ಓಡಿದಳು. ಪಾಯಿಂಟಿನ ಕರಿ ಡಬ್ಬಿ ಕೈ ಇಡಲಾಗದಷ್ಟು ಬಿಸಿ, ಸಂದಿನಿಂದ ಹೊಗೆಯ ಎಳೆ. ಹಲಗೆಯ ಮೇಲಿನ ಸ್ವಿಚ್ಚು ಹಾಕಿದ್ದು ಹಾಕಿದಂತೆಯೇ ಇತ್ತು. ಆನಂದಪ್ಪ ಬೆಳಿಗ್ಗೆ ಅಣ್ಣ ಕರೆದನೆಂದು ಅವಸರದಲ್ಲಿ ಹೋಗಿದ್ದ. ಹೋಲ್ಡರಿನ ವೈರು ತೆಗೆಯುವುದನ್ನು ಮರೆತಿದ್ದ.

ಅವಳು ಸ್ವಿಚ್ಚು ತೆಗೆದಳು. ತೆಗೆಯುವಾಗ ನೋಡಿದಳು. ಹಿತ್ತಾಳೆಯ ಮೂತಿಯ ಮೇಲೆ ಬೆಳ್ಳಗೆ ವಿಭೂತಿ. ಹೆಬ್ಬೆರಳಿನ ಗುರುತು.

ಮನೆಯಲ್ಲಿ ವಿಭೂತಿ ಎಲ್ಲರೂ ಹಚ್ಚಿಕೊಳ್ಳುವವರೇ. ಆದರೆ ಮಧ್ಯಾಹ್ನದವರೆಗೂ ಬೆರಳಲ್ಲಿ ಉಳಿಯುವಷ್ಟು ಬಳಿದುಕೊಳ್ಳುವವಳು ಒಬ್ಬಳೇ. ಕರೆಂಟು ಬಂದ ದಿನ ಮೀಟರಿನ ಡಬ್ಬಿಗೂ ಮೂರು ಬೆರಳು ಎಳೆದವಳು ಅವಳು. ಜಗದಾಂಬ ದೇವರ ಮೂಲೆಯ ಕಡೆ ತಿರುಗಿದಳು. ರಾಜೇಶ್ವರಮ್ಮ ಗೋಡೆಗೆ ಮುಖ ಮಾಡಿ ಕೂತಿದ್ದಳು, ತಿರುಗಲಿಲ್ಲ.

ಸಿಟ್ಟು ಬಂತು. ಕೂಗಿಬಿಡಬೇಕು ಅನ್ನಿಸಿತು. ಕೂಗಿದರೆ ಯಾರು ನಂಬುತ್ತಾರೆ? ಸೊಸೆ ತಾನು ಸುಟ್ಟು ಅತ್ತೆಯ ಮೇಲೆ ಹಾಕಿದಳು ಅನ್ನುತ್ತಾರೆ. ಅವಳು ಸೆರಗಿನ ತುದಿಯಿಂದ ವಿಭೂತಿ ಒರೆಸಿದಳು. ಒಳ್ಳೆಯತನಕ್ಕೆ ಅಂದುಕೊಳ್ಳಬೇಡಿ, ಭಯಕ್ಕೆ ಒರೆಸಿದಳು.

ಆನಂದಪ್ಪ ಬಂದು ಡಬ್ಬಿ ಬಿಚ್ಚಿದ. ಎಡಗಡೆಯ ಸುರುಳಿ ಕರಿಬೇವು ಕರಿದಂತೆ ಆಗಿತ್ತು.

"ಸ್ವಿಚ್ಚು ಮುಟ್ಟಿದೋರು ಯಾರು?"

"ನಾನಲ್ಲ."

"ನೀನಲ್ದೆ ಇನ್ಯಾರು? ಈ ಮನೇಲಿ ಅದನ್ನ ಮುಟ್ಟೋಳು ನೀನೊಬ್ಬಳೇ."

"ನಾನಲ್ಲ ಅಂದೆ. ವೈರು ಸಿಕ್ಕಿಸಿ ಬಿಟ್ಟುಹೋದೋರು ಯಾರು? ಅದನ್ನ ಮೊದಲು ಹೇಳ್ರಿ."

ಅವನು ಉಣ್ಣದೆ ಎದ್ದು ಹೋದ. ಸಂಜೆ ನಾಗರಾಜಪ್ಪ ಸುದ್ದಿ ಕೇಳಿ, ಬಹಳ ದಿನದ ಮೇಲೆ ಬಲ್ಬು ಉರಿಯುತ್ತಿದ್ದದ್ದನ್ನು ನೋಡಿ, ಪಡಸಾಲೆಯಲ್ಲಿ ಆರಾಮಾಗಿ ಕಾಲು ಚಾಚಿದ. "ಶಿವನೇ ಬೇಡ ಅಂದ ಮ್ಯಾಲೆ ಮುಗೀತು. ನಾಳೆಯಿಂದ ಅಂಗಡೀಗೆ ಬಾ," ಎಂದ. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡದೆ ದಿನ ಕಳೆದರು. ಜಗದಾಂಬ ಗಂಡನಿಗೆ ರೊಟ್ಟಿ ಬಡಿಸುತ್ತಿದ್ದಳು, 'ಇನ್ನೊಂದು ಹಾಕ್ಲಾ' ಎನ್ನುತ್ತಿರಲಿಲ್ಲ.

ಅವಳಿಗೆ ತಡೆಯಲಾಗದೆ ಹೋದದ್ದು ಅಕ್ಕಿ ಆರಿಸುವಾಗ. ಹಿತ್ತಲ ಜಗಲಿಯ ಮೇಲೆ ಅತ್ತೆ ಸೊಸೆ ಇಬ್ಬರೇ, ಒಬ್ಬೊಬ್ಬರ ಮುಂದೆ ಒಂದೊಂದು ಮೊರ. ನೀಲಾಂಬಿಕ ಹಿಟ್ಟಿನ ಗಿರಣಿಗೆ ಹೋಗಿದ್ದಳು.

"ಅತ್ತೆ, ಸ್ವಿಚ್ಚಿನ ಮೇಲೆ ವಿಭೂತಿ ಇತ್ತು."

ರಾಜೇಶ್ವರಮ್ಮನ ಕೈ ಮೊರದಲ್ಲಿ ನಿಂತಿತು. "ಇತ್ತಾ?"

"ಇತ್ತು. ನಾನೇ ಒರೆಸಿದೆ."

"ಯಾಕೆ ಒರೆಸ್ದಿ? ನಿನ್ನ ಗಂಡಗೆ ತೋರಿಸ್ಬೇಕಾಗಿತ್ತು."

"ತೋರಿಸಿದ್ರೆ ನಂಬ್ತಿದ್ರಾ? ನೀವು ಬೇಕಂತ್ಲೇ ಸುಟ್ರಿ. ನಾವು ಇಲ್ಲಿಂದ ಹೋಗ್ಬಾರ್ದು ಅಂತ ಸುಟ್ರಿ."

"ಬಾಯಿ ಮುಚ್ಚು! ಅದನ್ನ ಸುಡೋದು ಹೆಂಗೆ ಅಂತ ನಂಗೇನು ಗೊತ್ತು?" ಮುದುಕಿಯ ದನಿ ಏರಿತು. ಆಮೇಲೆ ಇಳಿಯಿತು. "ಮನೇಲಿ ಯಾರೂ ಇರ್ಲಿಲ್ಲ. ಆನಂದನ ಮನಸ್ಸನ್ನ ತಿರುಗಿಸ್ತಿರೋದು ಇದೇ ಅಲ್ವಾ ಅಂತ ಹತ್ರ ಹೋದೆ. ಸ್ವಿಚ್ಚು ಹಾಕಿದೆ. ಹಾಕಿದ ಮ್ಯಾಲೆ ಕೈ ಮುಗೀದೆ ಇರ್ತಾರಾ? ಮುಗಿದೆ."

ರೈಲು ಬರುವ ಮುಂಚೆ ದಿನಾ ಮುಸ್ಸಂಜೆ ದೀಪದ ಸ್ವಿಚ್ಚು ಹಾಕುತ್ತಿದ್ದವಳು ಅವಳೇ. ಹಾಕಿ, ಎರಡು ಹೆಜ್ಜೆ ಹಿಂದೆ ಸರಿದು, ಕಣ್ಣು ಮುಚ್ಚಿ ಕೈ ಮುಗಿಯುತ್ತಿದ್ದಳು. ಎಣ್ಣೆ ದೀಪಕ್ಕೆ ಹೇಗೋ ಬಲ್ಬಿಗೂ ಹಾಗೆ.

"ಅದು ದೀಪದ ಸ್ವಿಚ್ಚಲ್ಲ ಅತ್ತೆ!"

"ಕರೆಂಟು ಅದೇ ಅಲ್ಲೇನೇ?"

ಜಗದಾಂಬ ಮೊರ ಕೆಳಗಿಟ್ಟಳು. "ಅಷ್ಟು ಹೊತ್ತು ಏನು ಬೇಡಿಕೊಂಡ್ರಿ?" ಎಂದಳು.

"ಒಂದೇ ಒಲೆ ಉರೀಲಿ ಶಿವನೇ ಅಂದೆ. ನನ್ನ ಮಗ ನನ್ನ ಕಣ್ಣ ಮುಂದೆ ಇರ್ಲಿ ಅಂದೆ. ಕಣ್ಣು ಬಿಟ್ರೆ ಹೊಗೆ. ಮತ್ತೆ ಮುಟ್ಟೋಕೆ ಹೆದರಿ ಹಿಂದೆ ಸರಿದೆ. ಶಿವನೇ ಬೈದ ಅನ್ನಿಸ್ತು. ಯಾರ ಹತ್ರ ಹೇಳ್ಲಿ?"

ಜಗದಾಂಬಳಿಗೆ ಸಿಟ್ಟಿನ ಜೊತೆಗೇ ಅಯ್ಯೋ ಅನ್ನಿಸಿತು. ಅದು ಅವಳಿಗೆ ಇಷ್ಟವಾಗಲಿಲ್ಲ. ಬರೀ ಸಿಟ್ಟಿದ್ದರೆ ಹಗುರ.

"ನಂಗೆ ನನ್ನದೇ ಒಂದು ಒಲೆ ಬೇಕು ಅತ್ತೆ," ಎಂದಳು, ಕಲ್ಲು ಹೆಕ್ಕಿ ಎಸೆಯುತ್ತ. "ಅಕ್ಕ ಕೆಟ್ಟೋಳಲ್ಲ. ನೀವೂ ಕೆಟ್ಟೋರಲ್ಲ. ಆದ್ರೂ ಬೇಕು."

ರಾಜೇಶ್ವರಮ್ಮ ಮೊರ ಕೇರಿದಳು. ಹೊಟ್ಟು ಹಾರಿತು. "ನಾನೂ ಹಿಂಗೇ ಅಂದಿದ್ದೆ, ನಮ್ಮತ್ತೆ ಹತ್ರ."

"ಅವರೇನಂದ್ರು?"

"ಮೊರ ತಗಂಡು ಹೊಡೆದ್ಲು."

ಜಗದಾಂಬ ತಡೆಯಲು ನೋಡಿದಳು, ಆಗಲಿಲ್ಲ. ಇಬ್ಬರೂ ನಕ್ಕರು. ನಕ್ಕು ಮುಗಿದ ಮೇಲೆ ಮುದುಕಿ ಕಣ್ಣೊರೆಸಿಕೊಂಡಳು. ಅದು ನಗುವಿನ ನೀರೋ ಬೇರೆಯದೋ ಸೊಸೆ ಕೇಳಲಿಲ್ಲ.

ಅವತ್ತಿನ ಊಟಕ್ಕೆ ಎಲ್ಲರೂ ಕೂತಾಗ ರಾಜೇಶ್ವರಮ್ಮ ಹೇಳಿಬಿಟ್ಟಳು. "ಸುಟ್ಟಿದ್ದು ನಾನು. ಹುಡುಗಿ ಮೇಲೆ ಯಾರೂ ಹಾಕ್ಬೇಡ್ರಿ."

ನಾಗರಾಜಪ್ಪ ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದ. ಶಿವ ಬೇಡ ಅಂದನೆಂದು ಊರೆಲ್ಲ ಹೇಳಿಕೊಂಡು ಬಂದವನು ಅವನು. ಆನಂದಪ್ಪ ಹೆಂಡತಿಯ ಕಡೆ ನೋಡಿದ.

"ನಂಗೆ ಹೇಳ್ಬಾರ್ದಾಗಿತ್ತಾ?"

"ಹೇಳೋಕೆ ಬಿಟ್ರಾ ನೀವು?"

ಅವನು ತಲೆ ತಗ್ಗಿಸಿದ. "ತಪ್ಪಾಯ್ತು," ಎಂದ. ಅಣ್ಣ, ಅತ್ತಿಗೆ, ತಾಯಿ ಎಲ್ಲರ ಮುಂದೆ ಗಂಡಸು ಹಾಗೆ ಹೇಳಿದ್ದು ಆ ಮನೆಯಲ್ಲಿ ಅದೇ ಮೊದಲು. ಜಗದಾಂಬ ಕೇಳದೆಯೇ ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು.

ಮಾರನೆಯ ದಿನ ಆನಂದಪ್ಪ ಬಸ್ಸು ರಿಪೇರಿಯವರ ಹತ್ತಿರ ಕೆಟ್ಟ ಹಾರನ್ನೊಂದನ್ನು ಬೇಡಿ ತಂದು ಅದರೊಳಗಿನ ತಂತಿ ಬಿಚ್ಚಿದ. ಸುತ್ತಲು ಕೂತ. ತಂತಿ ತುಂಡಾಯಿತು. ಜಗದಾಂಬ ಕೂತಳು. ಅವಳ ಕೈಯಲ್ಲಿ ಸ್ವಲ್ಪ ದೂರ ಬಂದು ತುಂಡಾಯಿತು. ಮೂಲೆಯಲ್ಲಿ ಕೂತು ನೋಡುತ್ತಿದ್ದ ರಾಜೇಶ್ವರಮ್ಮ ಗೊಣಗಿದಳು, "ಎಳೆ ಎಳೆಯೋದು ಹಿಂಗಲ್ಲ. ಇತ್ತ ಕೊಡ್ರಿ."

ಪೇಟೆಬೀದಿಯ ಅರ್ಧ ಜನರ ಕೊರಳಲ್ಲಿದ್ದದ್ದು ಅವಳು ಹೊಸೆದ ಶಿವದಾರ. ಲಿಂಗ ಕಟ್ಟುವ ದಾರ, ಎಲ್ಲೂ ಗಂಟು ಬರಬಾರದು, ಎಲ್ಲೂ ಸಡಿಲ ಬರಬಾರದು. ತಂತಿಯ ಉಂಡೆಯನ್ನು ಕಾಲ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು, ಕಣ್ಣನ್ನು ಅರ್ಧ ಮುಚ್ಚಿ, ಬೆರಳಲ್ಲೇ ನೋಡುತ್ತ ಸುತ್ತಿದಳು. ತಂತಿ ತುಂಡಾಗಲಿಲ್ಲ. ಮಗ ಹೋಗಬಾರದೆಂದು ಬೇಡಿಕೊಂಡವಳೇ ಅವನು ಹೋಗುವ ದಾರಿಗೆ ಸುರುಳಿ ಸುತ್ತುತ್ತಿದ್ದಳು. ಜಗದಾಂಬಳಿಗೆ ನೋಡಲಾಗಲಿಲ್ಲ, ಎದ್ದು ಹೋಗಲೂ ಆಗಲಿಲ್ಲ.

ಮೂರನೆಯ ದಿನ ನಾಗರಾಜಪ್ಪ ಅಂಗಡಿಯಿಂದ ಎರಡು ಹಿತ್ತಾಳೆ ಪಟ್ಟಿ ತಂದು ತಮ್ಮನ ಮುಂದೆ ಹಾಕಿದ. ತೆಳ್ಳಗೆ ಬಡಿದ ಪಟ್ಟಿಗಳು, ಒತ್ತಿದರೆ ಬಗ್ಗಿ, ಬಿಟ್ಟರೆ ತಾವೇ ಮೇಲೇಳುತ್ತಿದ್ದವು.

"ಆ ಸ್ವಿಚ್ಚು ಕಿತ್ತು ಇದನ್ನ ಹಾಕು. ಬೆರಳು ಇರೋ ತನಕ ಕರೆಂಟು, ತೆಗೆದ್ರೆ ಇಲ್ಲ. ಎರಡೂ ಕೈ ಎತ್ತಿ ಮುಗಿಯೋಕೆ ಹೋದ್ರೆ ಅದೇ ನಿಂತುಹೋಗ್ತದೆ."

"ಅಣ್ಣಾ, ಇದು ನಂಗೆ ಹೊಳೀಲೇ ಇಲ್ಲ ನೋಡು!"

"ನಿಂಗೆ ಹೊಳೆಯೋದು ರೈಲೊಂದೇ. ನಿನ್ನ ಸಲುವಾಗಿ ಮಾಡಿಲ್ಲ ಇದನ್ನ. ಅಲ್ಲೂ ಸುಟ್ಟು, ನಮ್ಮವ್ವನ ಹೆಸರು ಸೊರಬದ ತನಕ ಹೋಗೋದು ಬೇಡ ಅಂತ ಮಾಡ್ದೆ." ಹೊರಟವನು ಬಾಗಿಲಲ್ಲಿ ತಿರುಗಿದ. "ಅವತ್ತು ಓಡಲಿಲ್ಲ ಅಂದ್ರೆ ಮಾರನೇ ದಿನ ಅಂಗಡಿ ಬಾಗಿಲು ನೀನೇ ತೆಗೀಬೇಕು. ಮತ್ತೆ ಸೊರಬದ ಮಾತು ಎತ್ತಬಾರ್ದು."

"ಆಗ್ಲಿ," ಎಂದ ಆನಂದಪ್ಪ. ಜಗದಾಂಬಳಿಗೆ ಆ ಒಂದು ಮಾತಿನಲ್ಲಿ ತನ್ನ ಒಲೆ ಹೊತ್ತಿದ್ದೂ ಆರಿದ್ದೂ ಎರಡೂ ಕಂಡಿತು.

ಮಿಲ್ಲು ಶುರುವಾಗುವ ದಿನ ಟ್ರಂಕು ಬಸ್ಸಿನ ಮೇಲೇರಿತು. ರಾಜೇಶ್ವರಮ್ಮ ತಾನೂ ಬರುತ್ತೇನೆಂದು ಹಠ ಹಿಡಿದಳು, ಬೀಗರ ಕಡೆಯ ಊರು ನೋಡಿ ಬಹಳ ಕಾಲವಾಯಿತು ಅನ್ನುವ ನೆವ. ನೀಲಾಂಬಿಕ ದಾರಿಗೆಂದು ರೊಟ್ಟಿ ಬುತ್ತಿ ಕಟ್ಟಿದಳು. ಬಿಚ್ಚಿ ನೋಡಿದರೆ ಅಕ್ಕಿ ರೊಟ್ಟಿ. ಜಗದಾಂಬ ಅದನ್ನು ಬಸ್ಸಿನ ಕುಲುಕಾಟದಲ್ಲಿ ತಿಂದಳು.

ಸೊರಬದ ಮಿಲ್ಲಿನ ಅಂಗಳದಲ್ಲಿ ಜನವೋ ಜನ. ಬಾಗಿಲಿಗೆ ಮಾವಿನ ತೋರಣ, ಒಳಗೆ ಹೊಸ ಮಿಷನ್ನಿಗೆ ಕುಂಕುಮ. ಶೇಷಪ್ಪನವರು ಕುಳ್ಳಗೆ, ದುಂಡಗೆ, ನಿಂತಲ್ಲಿ ನಿಲ್ಲದ ಮನುಷ್ಯ. ಭತ್ತ ಹರಡುವ ನೆಲದ ಮೇಲೆ ಹಳಿ ಜೋಡಿಸುವುದನ್ನು ಸುತ್ತ ಸುತ್ತಿ ನೋಡಿದರು. ಕೆಂಪು ದಾರ, ಹಳದಿ ದಾರ, ಬಿಳಿ ದಾರ ಎಂದು ಜಗದಾಂಬ ಮೆಲ್ಲಗೆ ಹೇಳುತ್ತ ಹೋದಂತೆ ಆನಂದಪ್ಪ ವೈರು ಸೇರಿಸಿದ.

ರೈಲು ಹೊರಟಿತು. ಜನ ಹೋ ಎಂದರು. ಮೊದಲ ಸುತ್ತು ನೆಟ್ಟಗೆ ಹೋಯಿತು. ಆನಂದಪ್ಪ ಪಟ್ಟಿಯ ಕಡೆ ಬೆರಳು ತರುತ್ತಿದ್ದಂತೆ ಶೇಷಪ್ಪನವರು ಅವನ ಮಣಿಕಟ್ಟು ಹಿಡಿದರು.

"ನೀ ಬೇಡ ಮಾರಾಯ. ಎಂತದೋ ಚಳಕ ಇರ್ತದೆ ನಿನ್ನ ಕೈಯಲ್ಲಿ. ಕರೆಂಟಲ್ಲಿ ಓಡೋದಾದ್ರೆ ಯಾರು ಒತ್ತಿದ್ರೂ ಓಡ್ಬೇಕು, ಅಲ್ದಾ?" ಸುತ್ತ ನೋಡಿದರು. ಜನರ ನಡುವೆ ಬಿಳಿ ಸೀರೆಯ, ಹಣೆ ತುಂಬ ವಿಭೂತಿಯ ಮುದುಕಿ ಕಂಡಳು. ಯಾರ ತಾಯಿ ಎಂದು ಅವರಿಗೇನು ಗೊತ್ತು! "ಅಮ್ಮಾ, ನೀವು ಬನ್ನಿ. ನೀವು ಒತ್ತಿ."

ಜಗದಾಂಬ ಗಂಡನ ಕಡೆ ನೋಡಿದಳು. ಆನಂದಪ್ಪ ಹಲಗೆಯ ಮುಂದಿನಿಂದ ಸರಿದ.

ರಾಜೇಶ್ವರಮ್ಮ ಬಂದು ಹಲಗೆಯ ಮುಂದೆ ಕೂತಳು. ರೈಲು ಆಚೆ ತುದಿಯಲ್ಲಿ ತಿರುಗಿ ಇತ್ತ ಬರುತ್ತಿತ್ತು. ಅವಳು ಪಟ್ಟಿ ಮುಟ್ಟಲಿಲ್ಲ. ಎರಡೂ ಕೈ ಜೋಡಿಸಿ ಕಣ್ಣು ಮುಚ್ಚಿದಳು.

"ಅತ್ತೆ," ಎಂದಳು ಜಗದಾಂಬ.

ಮುದುಕಿ ಕಣ್ಣು ಬಿಡಲಿಲ್ಲ. ತುಟಿ ಮಾತ್ರ ಅಲುಗುತ್ತಿತ್ತು. ಸುಮ್ಮನೆ ಹಾಗೇ ಕೂತಿದ್ದರೆ ಸಾಕಿತ್ತು. ರೈಲು ನೆಟ್ಟಗೆ ಹೋಗುತ್ತಿತ್ತು, ನಾಳೆ ಆನಂದಪ್ಪ ಅಂಗಡಿ ಬಾಗಿಲು ತೆಗೆಯುತ್ತಿದ್ದ, ಮನೆಯಲ್ಲಿ ಒಂದೇ ಒಲೆ ಉರಿಯುತ್ತಿತ್ತು. ಮುದುಕಿಗೆ ತಿಳಿಯಲಿಲ್ಲ ಎಂದು ಎಲ್ಲರೂ ಅಂದುಕೊಂಡು ಬಿಡುತ್ತಿದ್ದರು. ಯಾರೂ ಅವಳನ್ನು ದೂರುತ್ತಿರಲಿಲ್ಲ. ಇಂಜಿನ್ನು ತಿರುವು ದಾಟಿತು. ಗರಗರ ಸದ್ದು ಹತ್ತಿರವಾಯಿತು.

"ಅತ್ತೆ, ಒತ್ತಿ!"

ರಾಜೇಶ್ವರಮ್ಮ ಕಣ್ಣು ಬಿಟ್ಟಳು. ಕೈ ಬಿಡಿಸಿದಳು. ಕೆಂಪು ದಾರದ ಪಟ್ಟಿಯನ್ನು ಒಂದು ಬೆರಳಿನಿಂದ ಒತ್ತಿ, ಬಿಸಿ ಹಂಚಿನಿಂದ ತೆಗೆದಂತೆ ಬೆರಳು ಹಿಂದೆ ತೆಗೆದಳು.

ಟಕ್ ಎಂದಿತು. ಇಂಜಿನ್ನು ಪಕ್ಕದ ದಾರಿಗೆ ತಿರುಗಿತು. ಅದರ ಹಿಂದೆ ಡಬ್ಬಿಗಳು ಒಂದೊಂದಾಗಿ ತಿರುಗಿದವು.

ಅಂಗಳದಲ್ಲಿ ಎದ್ದ ಗದ್ದಲಕ್ಕೆ ಶೇಷಪ್ಪನವರು ಏನೆಂದರೆಂಬುದು ಯಾರಿಗೂ ಕೇಳಲಿಲ್ಲ. ಅವರು ಆನಂದಪ್ಪನ ಬೆನ್ನು ತಟ್ಟುತ್ತಿದ್ದದ್ದು ಕಂಡಿತು, ಮಿಲ್ಲಿನ ಹಿಂದಿನ ಮನೆಯ ಕಡೆ ಕೈ ತೋರಿಸುತ್ತಿದ್ದದ್ದು ಕಂಡಿತು. ಪಂಚಾಕ್ಷರಪ್ಪ ತಾನೇ ರೈಲು ಮಾಡಿದವನಂತೆ ಎಲ್ಲರಿಗೂ ವಿವರಿಸುತ್ತಿದ್ದ. ಜಗದಾಂಬ ಅತ್ತೆಯ ಪಕ್ಕ ಕುಕ್ಕರಿಸಿದಳು. ಇಷ್ಟು ದಿನ ಬೇಕು ಬೇಕು ಅಂದದ್ದು ಬಂದಿತ್ತು.

"ಈ ಸಲ ಏನು ಬೇಡಿಕೊಂಡ್ರಿ ಅತ್ತೆ?"

ರಾಜೇಶ್ವರಮ್ಮ ಕರಿ ಡಬ್ಬಿಯನ್ನೇ ನೋಡುತ್ತಿದ್ದಳು.

"ಹೊಗೆ ಬರ್ದಿರಲಿ ಅಂತ," ಎಂದಳು.

ಜಗದಾಂಬ ಅವಳ ಕೈ ಹಿಡಿದು ಎಬ್ಬಿಸಿದಳು. ಹಿತ್ತಾಳೆಯ ಪಟ್ಟಿಯ ಮೇಲೆ ಬೆಳ್ಳಗೆ ಬೆರಳಿನ ಗುರುತಿತ್ತು. ಅದನ್ನು ಅವಳು ಒರೆಸಲಿಲ್ಲ.